ಅಮಾವಾಸ್ಯೆಗೆ ಸುಮ್ಮನಾಗುವ ಫ್ರಿಜ್ಜು

ನನ್ನ ಕಿವಿಗಳ ಬಗ್ಗೆ ನನಗೆ ಒಂದು ಕಾಲದಲ್ಲಿ ಬಹಳ ಜಂಬವಿತ್ತು. ಬೇರೆ ಯಾವ ಅಂಗದ ಬಗ್ಗೆಯೂ ಜಂಬಪಡುವ ಹಾಗೆ ದೇವರು ನನ್ನನ್ನು ಮಾಡಿರಲಿಲ್ಲವಾದ್ದರಿಂದ ಇದ್ದ ಎರಡು ಕಿವಿಗಳ ಮೇಲೇ ಅಷ್ಟೂ ಜಂಬವನ್ನು ಹೇರಿದ್ದೆ. ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಮುಂದಿನ ಹಜಾರದಲ್ಲಿ ಹನ್ನೊಂದು ಮಷೀನು. ಹಿಂದಿನ ನಡುಮನೆ, ಒಂದು ಕೋಣೆ ಮತ್ತು ಅಡಿಗೆಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಹಾಲಮ್ಮ. ಬೆಳಿಗ್ಗೆ ಆರೂವರೆಗೆ ಮೊದಲ ಬ್ಯಾಚು ಕೂತಿತೆಂದರೆ ಹನ್ನೊಂದು ಮಷೀನೂ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಶುರುಮಾಡುತ್ತಿದ್ದವು. ಅಷ್ಟು ಗದ್ದಲದಲ್ಲೂ ನಾನು ಒಳಗೆ ರೊಟ್ಟಿ ಮುರಿಯುತ್ತಾ, "ಮೂರನೇ ಮಷೀನು, ಕಿರುಬೆರಳು ಏನು ಮದುವೆಗೆ ಹೋಗೈತಾ?" ಎಂದು ಕೂಗುತ್ತಿದ್ದೆ. ಮೂರನೇ ಮಷೀನಿನ ಮುಂದೆ ಕೂತವರು ಬೆಚ್ಚಿಬಿದ್ದು ಕಿರುಬೆರಳನ್ನು ಕೆಲಸಕ್ಕೆ ಹಚ್ಚುತ್ತಿದ್ದರು. ಹೊಸದಾಗಿ ಸೇರಿದವರು ಗೋಡೆಯಲ್ಲಿ ಎಲ್ಲಾದರೂ ತೂತಿದೆಯೇನೋ ಎಂದು ಹುಡುಕಿದ್ದೂ ಉಂಟು.

ಇಂಥ ಕಿವಿಗಳನ್ನು ಒಂದು ಫ್ರಿಜ್ಜು ಹೆಚ್ಚುಕಡಿಮೆ ಎಂಟು ತಿಂಗಳ ಕಾಲ ಆಟ ಆಡಿಸಿತು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ಪಟ್ಟ ಗೊಂದಲ ಇವತ್ತಿಗೂ ಪೂರ್ತಿ ಇಳಿದಿಲ್ಲ. ನಿಮ್ಮ ಹತ್ತಿರ ಹೇಳಿಕೊಂಡರಾದರೂ ಇಳಿದೀತೋ ನೋಡೋಣ.

ಫ್ರಿಜ್ಜು ಎಂದ ತಕ್ಷಣ ಇವನು ಭಾರಿ ಶ್ರೀಮಂತನಿರಬೇಕು ಎಂದುಕೊಳ್ಳಬೇಡಿ. ತಣ್ಣಗಿನ ಸಿಹಿ ತಿನ್ನುವ ಯೋಗವಂತೂ ನನ್ನ ಹಣೆಯಲ್ಲಿ ಬರೆದಿಲ್ಲ. ನನಗೆ ಸಕ್ಕರೆ ಕಾಯಿಲೆ. ಮಾತ್ರೆಗಳಿಗೆಲ್ಲ ಜಗ್ಗದೆ ಅದು ಕೊನೆಗೆ ದಿನಕ್ಕೆರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳುವ ತನಕ ಬಂದಿತ್ತು. ಈ ಇನ್ಸುಲಿನ್ ಎಂಬುದು ಮಹಾ ನಾಜೂಕಿನ ಪದಾರ್ಥ. ಸೆಕೆಗೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಎರಡರ ಮಧ್ಯೆ ಹದವಾದ ತಂಪಿನಲ್ಲಿ ಕೂತಿರಬೇಕು. ನಮ್ಮೂರಿನಲ್ಲಿ ಸಿಗುತ್ತಿರಲಿಲ್ಲ. ತಿಂಗಳಿಗೊಮ್ಮೆ ದಾವಣಗೆರೆಗೆ ಹೋಗಿ, ಪುಟ್ಟ ಪುಟ್ಟ ಗಾಜಿನ ಸೀಸೆಗಳನ್ನು ಥರ್ಮಾಸ್ ಫ್ಲಾಸ್ಕಿನಲ್ಲಿಟ್ಟು, ಬಸ್ಸಿನಲ್ಲಿ ಎಳೆಗೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತರುತ್ತಿದ್ದೆ. ತಂದ ಕೂಡಲೇ ಪ್ರತಿ ಸೀಸೆಗೂ ಒಂದು ಚೀಟಿಯ ಮೇಲೆ ಕನ್ನಡ ಮಷೀನಿನಲ್ಲಿ ನಂಬರು ಟೈಪು ಮಾಡಿ, ಗೋಂದು ಹಚ್ಚಿ ಅಂಟಿಸುತ್ತಿದ್ದೆ. ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎಂದು ತಿಳಿಯಬೇಕಲ್ಲ. "ಸೀಸೆಗೂ ರೋಲ್ ನಂಬರ್ ಕೊಟ್ರಾ ಮೇಷ್ಟ್ರು!" ಎಂದು ಹಾಲಮ್ಮ ನಗುತ್ತಿದ್ದಳು.

ಫ್ರಿಜ್ಜಿಗೆ ಮುಂಚೆ ಆ ಸೀಸೆಗಳನ್ನು ಕಾಯುತ್ತಿದ್ದದ್ದು ಒಂದು ಗಡಿಗೆ. ಹಾಲಮ್ಮ ಅದಕ್ಕೆ ಮರಳು ತುಂಬಿ, ಹೊತ್ತು ಹೊತ್ತಿಗೆ ನೀರು ಚಿಮುಕಿಸಿ, ಮಧ್ಯದಲ್ಲಿ ಸೀಸೆ ಹೂತಿಡುತ್ತಿದ್ದಳು. ಒಂದು ಬೇಸಿಗೆಯಲ್ಲಿ ಅವಳು ನ್ಯಾಮತಿಯ ತವರಿಗೆ ಮದುವೆಗೆಂದು ಹೋದಾಗ, ನೀರು ಚಿಮುಕಿಸುವ ಕೆಲಸ ನನ್ನ ಪಾಲಿಗೆ ಬಂತು. ಪರೀಕ್ಷೆಯ ಸಮಯ, ನಾನು ಮರೆತೆ. ಸೀಸೆಯೊಳಗಿದ್ದದ್ದು ನೋಡಲು ಔಷಧಿಯ ಹಾಗೇ ಇತ್ತು, ಗುಣ ಮಾತ್ರ ಸತ್ತುಹೋಗಿತ್ತು. ಅದನ್ನೇ ನಾಲ್ಕು ದಿನ ಶ್ರದ್ಧೆಯಿಂದ ಚುಚ್ಚಿಕೊಂಡೆ. ಐದನೆಯ ದಿನ ಐದನೇ ಮಷೀನಿನ ಪಕ್ಕದಲ್ಲಿ ಕುಸಿದು ಬಿದ್ದವನಿಗೆ ಕಣ್ಣು ಬಿಟ್ಟಾಗ ದಾವಣಗೆರೆಯ ಆಸ್ಪತ್ರೆಯ ಫ್ಯಾನು ಕಾಣಿಸಿತು, ಅದರ ಕೆಳಗೆ ಹಾಲಮ್ಮನ ಮುಖ ಕಾಣಿಸಿತು. ಮರೆತವನು ನಾನು. ಆದರೆ ತಪ್ಪು ಮಾಡಿದವಳ ಮುಖ ಇದ್ದದ್ದು ಅವಳದು. "ನಾನು ಹೋಗಬಾರದಿತ್ತು" ಎಂಬುದೊಂದೇ ಮಾತು ಅವಳ ಬಾಯಲ್ಲಿ.

ಹಾಗಾಗಿ ಫ್ರಿಜ್ಜು ಬಂತು. ಹೊನ್ನಾಳಿಯಲ್ಲಿದ್ದ ಒಬ್ಬ ಆಫೀಸರಿಗೆ ವರ್ಗವಾಗಿ, ಅವರು ಮನೆ ಸಾಮಾನು ಮಾರುತ್ತಿದ್ದಾರೆಂದು ಗೊತ್ತಾಯಿತು. ಅಡಿಕೆ ಚೀಲ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ, ಹುಲ್ಲಿನ ಮೇಲೆ ಅಂಗಾತ ಮಲಗಿಸಿಕೊಂಡು ತಂದೆವು. ನಮ್ಮ ಬೀದಿಗೆ ಅದೇ ಮೊದಲನೆಯದು. ಒಂದು ವಾರ ಮನೆ ತುಂಬ ಜನ. ಬಂದ ಹೆಂಗಸರೆಲ್ಲ ಬಾಗಿಲು ತೆಗೆದರು, ಹಾಕಿದರು, ಒಳಗೆ ದೀಪ ಹತ್ತುವುದನ್ನು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ನಿನ್ನ ಪುಣ್ಯ ಬಿಡವ್ವಾ ಹಾಲಮ್ಮ, ನಮಗೆಲ್ಲೈತೆ ಇಂಥ ಯೋಗ" ಎಂದು ನಿಟ್ಟುಸಿರು ಬಿಟ್ಟರು. ನನಗೆ ಹೆಮ್ಮೆಯಾಯಿತು. ಹಾಲಮ್ಮನಿಗೆ ಏನಾಯಿತು ಎಂದು ನಾನು ಕೇಳಲಿಲ್ಲ.

ಇಲ್ಲಿ ನನ್ನ ಇನ್ನೊಂದು ಜಂಬದ ಬಗ್ಗೆಯೂ ಹೇಳಬೇಕು. ನಾನು ವಿಚಾರವಂತ ಎಂದು ತಿಳಿದುಕೊಂಡಿದ್ದೆ. ಇನ್‌ಸ್ಟಿಟ್ಯೂಟು ಶುರುಮಾಡಿದ ಹೊಸದರಲ್ಲಿ ಹಾಲಮ್ಮ ಅದರ ಬಾಗಿಲಿಗೆ ದೃಷ್ಟಿಗೆಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಳು. ಅದನ್ನು ನಾನು ಇಡೀ ಬ್ಯಾಚಿನ ಎದುರಿಗೆ ಕತ್ತರಿಸಿ ಚರಂಡಿಗೆ ಎಸೆದು, ಮೂಢನಂಬಿಕೆಯ ಮೇಲೆ ಹತ್ತು ನಿಮಿಷ ಭಾಷಣ ಮಾಡಿದೆ. ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡು ಒಳಗೆ ಹೋದಳು. ಆಮೇಲೆ ನಮ್ಮ ಮನೆಯಲ್ಲಿ ದೃಷ್ಟಿಯ ಮಾತೇ ಬರಲಿಲ್ಲ. ಗೆದ್ದೆ ಎಂದುಕೊಂಡಿದ್ದೆ.

ಇನ್ನು ಸದ್ದಿನ ವಿಷಯಕ್ಕೆ ಬರುತ್ತೇನೆ. ಫ್ರಿಜ್ಜು ಇಷ್ಟು ಮಾತಾಡುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ಸಲ ಗುಂಯ್ ಎನ್ನುತ್ತದೆ, ಒಂದು ಸಲ ಹೊಟ್ಟೆ ಹಸಿದವರ ಹಾಗೆ ಕುಳುಕುಳು ಎನ್ನುತ್ತದೆ, ನಿಲ್ಲುವಾಗ ಮೈ ಕೊಡವಿಕೊಂಡು ಢಡಕ್ ಎನ್ನುತ್ತದೆ. ಮೊದಲ ದಿನ ಆ ಢಡಕ್ಕಿಗೆ ನಾನು ಊಟದ ತಟ್ಟೆ ಬಿಟ್ಟು ಎದ್ದಿದ್ದೆ. ಒಳಗೆ ನನ್ನ ಒಂದು ತಿಂಗಳ ಆಯುಸ್ಸು ನಾಲ್ಕು ಸೀಸೆಗಳಲ್ಲಿ ಕೂತಿದೆ; ಇದು ಕೆಟ್ಟರೆ ನಾನು ಕೆಟ್ಟೆ. ಆದ್ದರಿಂದ ಅದರ ಒಂದೊಂದು ಸದ್ದೂ ನನಗೆ ವೈಯಕ್ತಿಕವಾಗಿ ಹೇಳಿದ ಮಾತಿನ ಹಾಗೆ ಕೇಳಿಸುತ್ತಿತ್ತು.

ರೈಸ್ ಮಿಲ್ಲಿನ ಫಿಟ್ಟರ್ ಹನುಮಂತಣ್ಣನನ್ನು ಕರೆದುಕೊಂಡು ಬಂದೆ. ಊರಿನ ಯಾವ ಯಂತ್ರ ಕೆಮ್ಮಿದರೂ ಕರೆ ಹೋಗುತ್ತಿದ್ದದ್ದು ಅವನಿಗೇ. ಅವನದೊಂದು ಕ್ರಮ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಹಾಗೆ ಕೇಳಿ, "ಮಲಗಿಸಿಕೊಂಡು ತಂದೀರಿ ಅಲ್ರೀ ಮೇಷ್ಟ್ರೆ? ಎಣ್ಣೆ ಎಲ್ಲೆಲ್ಲೋ ಹರಿದೈತೆ. ಒಂದಿನ ಆಫ್ ಮಾಡಿ ನಿಲ್ಲಿಸ್ರಿ" ಎಂದ. ನಿಲ್ಲಿಸಿದೆವು, ಕುಳುಕುಳು ಕಡಿಮೆಯಾಯಿತು. ಕಾಲುಗಳು ಸಮವಿರಲಿಲ್ಲ, ಹಲಗೆಯ ಚೂರು ಕೊಟ್ಟ, ಢಡಕ್ಕು ಸುಮ್ಮನಾಯಿತು. ಹಿಂದಿನ ಕಪ್ಪು ಕಂಬಿಗಳು ಗೋಡೆಗೆ ತಾಗುತ್ತಿದ್ದವು. "ಅದರ ಬಿಸಿ ಹೊರಗ ಹೋಗಾಕೆ ಜಾಗ ಬೇಕಲ್ರೀ" ಎಂದು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದ. ಆ ಒಂದು ಗೇಣಿನ ಸಂದಿಯನ್ನು ಮಾತ್ರ ದಯವಿಟ್ಟು ನೆನಪಿನಲ್ಲಿಡಿ. ಇನ್ನುಳಿದದ್ದು ನರಳಾಟ. ಸುತ್ತಲಿನ ತೋಟಗಳಲ್ಲಿ ಪಂಪ್‌ಸೆಟ್ಟುಗಳು ಶುರುವಾದ ಹೊತ್ತಿಗೆ ನಮ್ಮ ಬಲ್ಬುಗಳು ಕೆಂಪಗಾಗುತ್ತಿದ್ದವು, ಫ್ರಿಜ್ಜು ಏಳಲಾರದೆ ನರಳುತ್ತಿತ್ತು. ಅದಕ್ಕೊಂದು ಸ್ಟೆಬಿಲೈಸರು ತಂದಿಟ್ಟೆವು. ಒಂದು ತಿಂಗಳಿನಲ್ಲಿ ಫ್ರಿಜ್ಜು ಎಷ್ಟು ಸಭ್ಯವಾಯಿತೆಂದರೆ ನಾನು ಅದನ್ನು ಮರೆತೇಬಿಟ್ಟೆ.

ಆಮೇಲೆ ಶುರುವಾದದ್ದು ಆ ಸದ್ದು.

ಒಂದು ಬೆಳಿಗ್ಗೆ ಹಜಾರದಲ್ಲಿ ಯಾರೂ ಇಲ್ಲದಾಗ ನಾನು ಜಗಲಿಯ ಮೇಲೆ ಪೇಪರು ಓದುತ್ತಾ ಕೂತಿದ್ದೆ. ಯಾರೋ ಒಂದೇ ಬೆರಳಿನಲ್ಲಿ ಟೈಪು ಮಾಡುವುದು ಕೇಳಿಸಿತು. ಟಿಕಿ, ಟಿಕಿ, ಟಿಕಿ. ನನಗೆ ಜಗತ್ತಿನಲ್ಲಿ ಅತ್ಯಂತ ಸಿಟ್ಟು ಬರುವ ಸಂಗತಿ ಯಾವುದೆಂದರೆ ಒಂದೇ ಬೆರಳಿನಲ್ಲಿ ಟೈಪು ಮಾಡುವುದು. "ಯಾರ್ರೀ ಅದು?" ಎಂದು ಗದರಿಕೊಂಡು ಎದ್ದು ಹೋಗಿ ನೋಡಿದರೆ ಹನ್ನೊಂದು ಮಷೀನೂ ಹೊದಿಕೆ ಹೊದ್ದು ಕೂತಿವೆ. ಸದ್ದು ಬರುತ್ತಿದ್ದದ್ದು ನಡುಮನೆಯಿಂದ. ಫ್ರಿಜ್ಜು ಟೈಪು ಮಾಡುತ್ತಿತ್ತು. ಮೋಟಾರು ತಿರುಗುವಷ್ಟು ಹೊತ್ತು ಟಿಕಿ ಟಿಕಿ, ಮೋಟಾರು ನಿಂತರೆ ನಿಶ್ಶಬ್ದ.

ಹಾಲಮ್ಮನನ್ನು ಕರೆದು ಕೇಳಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, "ಮಷೀನು ಅಂದ್ಮೇಲೆ ಸದ್ದು ಮಾಡ್ದೇ ಇರ್ತೈತಾ? ನಿಮ್ಮವು ಹನ್ನೊಂದು ಮಾಡಲ್ವಾ?" ಎಂದು ಅಡಿಗೆಮನೆಗೆ ಹೋದಳು. ತರ್ಕ ಸರಿಯಾಗಿತ್ತು. ಆದರೆ ನನ್ನ ಹನ್ನೊಂದರಲ್ಲಿ ನನ್ನ ಪ್ರಾಣವಿರಲಿಲ್ಲ.

ಹನುಮಂತಣ್ಣನ ಹತ್ತಿರ ಮತ್ತೆ ಓಡಿದೆ. ಅವನು ಬಂದ. ಹಾಲಮ್ಮ ಬಾಗಿಲಲ್ಲೇ ತಡೆದು, "ಒಂದ್ನಿಮಿಷ ಜಗಲಿ ಮ್ಯಾಲೆ ಕೂತ್ಕೊಳ್ರಿ ಹನುಮಂತಣ್ಣ, ಒಳಗೆ ಗಲೀಜಾಗೈತೆ, ಒರೆಸ್ತೀನಿ" ಎಂದಳು. ಎಷ್ಟು ಅಚ್ಚುಕಟ್ಟು ನೋಡಿ ನನ್ನ ಹೆಂಡತಿ ಎಂಬ ಮುಖ ಮಾಡಿಕೊಂಡು ನಾನೂ ಜಗಲಿಯ ಮೇಲೆ ಕೂತೆ. ಒಳಗೆ ಹೋದೆವು. ಅವನು ಸ್ಕ್ರೂಡ್ರೈವರು ಒತ್ತಿ, ಕಣ್ಣು ಮುಚ್ಚಿ ನಿಂತ. ಫ್ರಿಜ್ಜು ಗುಂಯ್ ಎಂದಿತೇ ಹೊರತು ಟಿಕಿ ಎನ್ನಲಿಲ್ಲ. ಕಾಲು ಗಂಟೆ ಕಾದೆವು. "ಎಲ್ಲೈತ್ರೀ ಸದ್ದು? ಆರಾಮೈತೆ" ಎಂದು ಚಹಾ ಕುಡಿದು ಹೋದ. ಅವನು ಬೀದಿಯ ತಿರುವು ದಾಟಿ ಅರ್ಧ ಗಂಟೆಯಾಗಿಲ್ಲ, ಟಿಕಿ ಟಿಕಿ ಟಿಕಿ.

ನೀವೇ ಹೇಳಿ, ಇಂಥ ಪೇಚು ಯಾರಿಗೆ ಹೇಳಿಕೊಳ್ಳುವುದು? ಆಮೇಲೆ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ತಿಪ್ಪೇಸ್ವಾಮಿ ಬಂದರು. ಅವರು ಜಗಳೂರು ಕಡೆಯ ಬಿಳಿಚೋಡಿನವರು, ದನದ ಆಸ್ಪತ್ರೆಯಲ್ಲಿ ಕೆಲಸ. ಕೊರಳಲ್ಲಿ ಸ್ಟೆತಾಸ್ಕೋಪು ಹಾಕಿಕೊಂಡೇ ಬಂದರು. ಅವರನ್ನೂ ಜಗಲಿಯ ಮೇಲೆ ಕೂರಿಸಿ ಹಾಲಮ್ಮ ಒಳಗೆ ಒರೆಸಿದಳು. ಅವರು ಫ್ರಿಜ್ಜಿನ ಪಕ್ಕೆಗೆ, ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು, ಎಮ್ಮೆಯ ಮೈ ತಟ್ಟುವ ಹಾಗೆ ಅದರ ಬಾಗಿಲನ್ನು ಎರಡು ಸಲ ತಟ್ಟಿ, "ಹೊಟ್ಟೆ ಉಬ್ಬರ ಏನಿಲ್ಲ ಸಾರ್" ಎಂದರು. ಆವತ್ತೂ ಅದು ಉಸಿರೆತ್ತಲಿಲ್ಲ. ಅವರು ಹೋದ ಮೇಲೆ ಎತ್ತಿತು.

ಕೆಲವು ಮಕ್ಕಳು ಮನೆಯವರ ಮುಂದೆ ಬಾಯಿ ತುಂಬ ಹಾಡಿ, ನೆಂಟರು ಬಂದರೆ ಬಾಯಿ ಹೊಲಿದುಕೊಳ್ಳುತ್ತವಲ್ಲ, ಆ ಜಾತಿಯ ಫ್ರಿಜ್ಜು ಎಂದುಕೊಂಡೆ. ಆದರೆ ಆ ಮಕ್ಕಳ ಹೊಟ್ಟೆಯಲ್ಲಿ ಯಾರ ಔಷಧಿಯೂ ಇರುವುದಿಲ್ಲ. ನಾನು ಗಳಿಗೆಗೊಮ್ಮೆ ಬಾಗಿಲು ತೆಗೆದು ಸೀಸೆ ಮುಟ್ಟಿ ನೋಡಲಾರಂಭಿಸಿದೆ. ತಣ್ಣಗಿದ್ದರೆ ಸಮಾಧಾನ, ಆದರೆ ಹಾಗೆ ತೆಗೆದೂ ತೆಗೆದೂ ಅದರ ತಂಪು ಹೋಗುತ್ತಿದ್ದದ್ದರಿಂದ ಮೋಟಾರು ಇನ್ನೂ ಜಾಸ್ತಿ ಓಡಿ, ಟಿಕಿ ಟಿಕಿ ಇನ್ನೂ ಜಾಸ್ತಿ ಕೇಳಿ, ನಾನು ಇನ್ನೂ ಜಾಸ್ತಿ ತೆಗೆದು ನೋಡುತ್ತಿದ್ದೆ.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಎರಡು ಮೂರು ತಿಂಗಳಾದ ಮೇಲೆ ಇನ್ನೊಂದು ವಿಚಿತ್ರ ಗಮನಕ್ಕೆ ಬಂತು. ಈ ಸದ್ದಿಗೆ ರಜೆಯ ದಿನಗಳಿದ್ದವು. ಒಂದಷ್ಟು ದಿನ ಸುಮ್ಮನಿರುವುದು, ಆಮೇಲೆ ಸಣ್ಣಗೆ ಶುರುವಾಗುವುದು, ದಿನೇ ದಿನೇ ಗಟ್ಟಿಯಾಗುವುದು, ಮತ್ತೆ ತಟ್ಟನೆ ಸುಮ್ಮನಾಗುವುದು. ಗೋಡೆಯ ಕ್ಯಾಲೆಂಡರಿನಲ್ಲಿ ಸದ್ದಿದ್ದ ದಿನಕ್ಕೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಮೂರು ಹಾಳೆ ತಿರುವಿದ ಮೇಲೆ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಬೆಳಕಿಗೆ ಹಿಡಿದೆ. ಸದ್ದು ನಿಲ್ಲುತ್ತಿದ್ದದ್ದು ಪ್ರತಿ ತಿಂಗಳೂ ಅಮಾವಾಸ್ಯೆಯ ದಿನ. ಎಂಟು ಹತ್ತು ದಿನ ಮೌನ. ಹುಣ್ಣಿಮೆಗೆ ಇನ್ನೂ ಐದಾರು ದಿನವಿರುವಾಗ ಶುರು. ಅಲ್ಲಿಂದ ಮುಂದಿನ ಅಮಾವಾಸ್ಯೆಯ ತನಕ ಏರುತ್ತಾ ಹೋಗುವುದು.

ಚಂದ್ರನಿಗೂ ಸಮುದ್ರಕ್ಕೂ ಸಂಬಂಧವಿದೆ ಎಂದು ಓದಿದ್ದೆ. ಚಂದ್ರನಿಗೂ ಮನುಷ್ಯನ ಮನಸ್ಸಿಗೂ ಸಂಬಂಧವಿದೆ ಎಂದು ಪಂಚಾಂಗ ನೋಡುವವರು ಹೇಳುತ್ತಾರೆ. ಆದರೆ ಹೊನ್ನಾಳಿಯಿಂದ ಲಾರಿಯಲ್ಲಿ ಬಂದ ಒಂದು ತಗಡಿನ ಪೆಟ್ಟಿಗೆಗೂ ಚಂದ್ರನಿಗೂ ಏನು ಸಂಬಂಧ? ಒಳಗಿನ ಅನಿಲವೇನಾದರೂ ಸಮುದ್ರದ ಹಾಗೆ ಉಬ್ಬುತ್ತದೆಯೇ? ಉಬ್ಬಿದರೆ ಹುಣ್ಣಿಮೆಗೆ ಉಬ್ಬಿ ಆಮೇಲೆ ಇಳಿಯಬೇಕಲ್ಲ, ಇದು ಅಮಾವಾಸ್ಯೆಯ ತನಕ ಏರುತ್ತದಲ್ಲ? ತಿಪ್ಪೇಸ್ವಾಮಿಯವರ ಹತ್ತಿರ ಅಳುಕುತ್ತಲೇ ಪ್ರಸ್ತಾಪಿಸಿದೆ. ಅವರಿಗೆ ಒಂದು ಚೂರೂ ಆಶ್ಚರ್ಯವಾಗಲಿಲ್ಲ. "ಇರ್ತೈತೆ ಸಾರ್. ನಮ್ಮ ಕಡೆ ಎಮ್ಮೆಗಳೂ ಹಂಗೇ, ಕೆಲವು ದಿನ ಬಂದ್ರೆ ಅರಚ್ತಾವೆ" ಎಂದರು. ಮೂಢನಂಬಿಕೆಯ ಮೇಲೆ ಭಾಷಣ ಮಾಡಿದ್ದ ಮನುಷ್ಯ ನಾನು, ಈಗ ಪಂಚಾಂಗ ನೋಡಿ ಫ್ರಿಜ್ಜಿನ ಆರೋಗ್ಯ ಹೇಳುವ ಮಟ್ಟಕ್ಕೆ ಬಂದಿದ್ದೆ. ಇದನ್ನು ಹಾಲಮ್ಮನಿಗೆ ತೋರಿಸಿದಾಗ ಅವಳು ಕ್ಯಾಲೆಂಡರನ್ನು ನೋಡಿದಳು, ನನ್ನನ್ನು ನೋಡಿದಳು, ಏನೋ ಹೇಳಲು ಬಾಯಿ ತೆಗೆದು, "ಅನ್ನ ಇಳಿಸಬೇಕು" ಎಂದು ಎದ್ದು ಹೋದಳು.

ಕೊನೆಗೆ ದಾವಣಗೆರೆಯ ಒಬ್ಬ ಫ್ರಿಜ್ಜು ಮೆಕ್ಯಾನಿಕ್ಕಿಗೆ ಕಾಗದ ಬರೆಯುವುದೆಂದು ನಿಶ್ಚಯಿಸಿದೆ. ಇಸ್ಮಾಯಿಲ್ ಎಂದು ಹೆಸರು. ಆ ಕಡೆಯ ಸೋಡಾ ಅಂಗಡಿ, ಐಸ್‌ಕ್ಯಾಂಡಿ ಅಂಗಡಿಗಳೆಲ್ಲ ಅವನನ್ನೇ ನಂಬಿದ್ದವು. ಮಷೀನಿನ ಮುಂದೆ ಕೂತೆ. ಇಪ್ಪತ್ತು ವರ್ಷ ಅರ್ಜಿ, ಕರಾರು, ಖರೀದಿಪತ್ರ ಟೈಪು ಮಾಡಿದ ಕೈಗೆ ಬೇರೆ ಭಾಷೆ ಬಾರದು. "ಮಾನ್ಯರೆ, ಸದರಿ ಫ್ರಿಜ್ಜು ಅಮಾವಾಸ್ಯೆ ಮತ್ತು ತದನಂತರದ ಎಂಟು ದಿನ ಹೊರತುಪಡಿಸಿ ಮಿಕ್ಕ ದಿನಗಳಲ್ಲಿ ಟಿಕಿ ಟಿಕಿ ಎಂದು ಶಬ್ದ ಮಾಡುತ್ತಿದ್ದು, ಪರಿಶೀಲನೆಗೆ ಬಂದವರ ಸಮಕ್ಷಮ ಸದರಿ ಶಬ್ದವನ್ನು ಮಾಡಲು ನಿರಾಕರಿಸುತ್ತಿದೆ" ಎಂದು ಟೈಪು ಮಾಡಿ, ಓದಿ ನೋಡಿ, ನನಗೇ ನಾಚಿಕೆಯಾಯಿತು. ಆದರೂ ಕಳಿಸಿದೆ. ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು. "ಟಿಕಿ ಟಿಕಿನೋ ಟಕ ಟಕನೋ ಸರಿಯಾಗಿ ತಿಳಿಸಿ" ಎಂದಿತ್ತು. ಟಿಕಿ ಎಂದು ಮರುಟಪಾಲಿನಲ್ಲಿ ದೃಢಪಡಿಸಿದೆ. ಆಮೇಲೆ ಸುದ್ದಿಯಿಲ್ಲ.

ಹೀಗಿರುವಾಗ ನ್ಯಾಮತಿಯಿಂದ ಹಾಲಮ್ಮನ ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುತ್ತೇವೆಂದು ಕರೆ ಬಂತು. ಅವಳಿಗೆ ಹೋಗುವ ಮನಸ್ಸಿಲ್ಲ. ಸೀಸೆ ಕೆಟ್ಟ ಆ ಬೇಸಿಗೆಯ ಮದುವೆಯ ನಂತರ ಅವಳು ತವರಿನಲ್ಲಿ ಒಂದು ರಾತ್ರಿಯೂ ಉಳಿದಿರಲಿಲ್ಲ. "ಈಗ ಗಡಿಗೆ ಅಲ್ಲ, ಫ್ರಿಜ್ಜು ಐತೆ, ಹೋಗಿ ಬಾ" ಎಂದು ನಾನೇ ದಬ್ಬಿದೆ. ಎರಡು ದಿನಕ್ಕೆ ಒಪ್ಪಿದಳು. ಬಸ್ಸು ಹತ್ತುವಾಗ ಅವಳು ಹೇಳಿದ ಮಾತು: "ನಾನು ಬರೋತನಕ ಯಾರನ್ನೂ ಕರ್ಕೊಂಡು ಬಂದು ಪೆಟ್ಟಿಗೆ ಬಿಚ್ಚಿಸಬ್ಯಾಡ್ರಿ."

ನಾನು ಯಾರನ್ನೂ ಕರೆಯಲಿಲ್ಲ, ಆಣೆಗೂ. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಇಸ್ಮಾಯಿಲ್ ತಾನೇ ಬಂದ. ಬಸ್ ಸ್ಟ್ಯಾಂಡಿನ ಐಸ್‌ಕ್ಯಾಂಡಿ ಮಷೀನು ನೋಡಲು ಬಂದವನು, ಅಮಾವಾಸ್ಯೆಯ ಫ್ರಿಜ್ಜನ್ನೂ ನೋಡಿಯೇ ಹೋಗೋಣ ಎಂದು ಕೇಳಿಕೊಂಡು ಬಂದನಂತೆ. ಜಗಲಿಯ ಮೇಲೆ ಕೂರಿಸುವವರು ಯಾರೂ ಇರಲಿಲ್ಲ. ನೇರ ನಡುಮನೆಗೆ ಬಂದ. ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನವಿತ್ತು, ಫ್ರಿಜ್ಜು ಜೋರಾಗಿ ಟೈಪು ಮಾಡುತ್ತಿತ್ತು. ಮೊಟ್ಟಮೊದಲ ಬಾರಿಗೆ ಹೊರಗಿನ ಇನ್ನೊಂದು ಜೊತೆ ಕಿವಿ ಅದನ್ನು ಕೇಳಿತು. ನನಗಾದ ಸಂತೋಷವನ್ನು ಹೇಳಲಾರೆ.

ಇಸ್ಮಾಯಿಲ್ ಸ್ಕ್ರೂಡ್ರೈವರು ತೆಗೆಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಗೋಡೆಗೂ ಫ್ರಿಜ್ಜಿಗೂ ನಡುವಿನ ಆ ಒಂದು ಗೇಣಿನ ಸಂದಿಗೆ ಕೈ ಹಾಕಿ, ತಡಕಿ, ನಕ್ಕ. "ಸಾರ್, ಮಷೀನಿಗೆ ಏನೂ ಆಗಿಲ್ಲ. ಇಲ್ಲಿ ಬಂದು ನೋಡ್ರಿ" ಎಂದ.

ಹಿಂದಿನ ಕಪ್ಪು ಕಂಬಿಗೆ ಕರಿ ದಾರದ ಕುಣಿಕೆಯೊಂದು ಸಿಕ್ಕಿಸಿತ್ತು. ಎತ್ತಿದರೆ ಕೈಗೆ ಬರುವ, ಬಿಟ್ಟರೆ ಮತ್ತೆ ಕೂರುವ ಕುಣಿಕೆ. ದಾರದಲ್ಲಿ ಒಂದು ನಿಂಬೆಹಣ್ಣು, ಕಂಬಿಯ ಬಿಸಿಗೆ ಒಣಗಿ ಗೋಲಿಯಷ್ಟಾಗಿತ್ತು. ಅದರ ಕೆಳಗೆ ಒಂದು ಪುಟ್ಟ ಗಾಜಿನ ಸೀಸೆ, ಒಳಗೆ ವಿಭೂತಿ. ಮೋಟಾರು ನಡುಗಿದಾಗಲೆಲ್ಲ ಆ ಸೀಸೆ ಕಂಬಿಗೆ ಬಡಿಯುತ್ತಿತ್ತು. ನಿಂಬೆಹಣ್ಣು ಹಸಿಯಾಗಿ ದಪ್ಪಗಿದ್ದಷ್ಟು ದಿನ ಸೀಸೆಯನ್ನು ಕಂಬಿಯಿಂದ ದೂರ ಹಿಡಿಯುತ್ತಿತ್ತು. ಒಣಗಿ ಸಣ್ಣಗಾದ ಹಾಗೆ ಸೀಸೆ ಕಂಬಿಗೆ ಹತ್ತಿರವಾಗುತ್ತಿತ್ತು. ಅಮಾವಾಸ್ಯೆಗೆ ಹಾಲಮ್ಮ ಹಣ್ಣು ಬದಲಾಯಿಸುತ್ತಿದ್ದಳು. ಸಮುದ್ರವೂ ಇಲ್ಲ, ಅನಿಲವೂ ಇಲ್ಲ. ಯಾರಾದರೂ ನೋಡಲು ಬಂದರೆ ಅವರನ್ನು ಜಗಲಿಯ ಮೇಲೆ ಕೂರಿಸಿ, ಒರೆಸುವ ನೆಪದಲ್ಲಿ ಕುಣಿಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಸೀಸೆಯನ್ನು ಬೆಳಕಿಗೆ ಹಿಡಿದೆ. ಅದರ ಮೇಲೆ ಒಂದು ಹಳದಿಯಾದ ಚೀಟಿ, ನನ್ನ ಮಷೀನಿನ ಅಕ್ಷರ: ೧. ನಾನು ಚುಚ್ಚಿಕೊಂಡ ಮೊಟ್ಟಮೊದಲ ಸೀಸೆ. ಖಾಲಿಯಾದಾಗ ತಿಪ್ಪೆಗೆ ಹೋಯಿತೆಂದು ನಾನು ತಿಳಿದಿದ್ದೆ. ಅವಳು ಎತ್ತಿಟ್ಟುಕೊಂಡಿದ್ದಳು.

ನಿಜ ಹೇಳುತ್ತೇನೆ, ನನಗೆ ನಗು ಬರಲಿಲ್ಲ. ಹತ್ತು ನಿಮಿಷದ ಆ ಭಾಷಣದ ಒಂದೊಂದು ವಾಕ್ಯವೂ ನೆನಪಾಯಿತು. ಇಸ್ಮಾಯಿಲ್ ಚಾಕು ತೆಗೆದು, "ಕತ್ತರಿಸ್ಲಾ ಸಾರ್?" ಎಂದ. "ಬ್ಯಾಡ ಬ್ಯಾಡ" ಎಂದು ಅವನ ಕೈ ಹಿಡಿದುಕೊಂಡೆ. ಅವನು ಹೋದ ಮೇಲೆ ಹಜಾರಕ್ಕೆ ಹೋದೆ. ಟೈಪಿಂಗ್ ಮಷೀನುಗಳ ಸದ್ದು ಅಡಗಿಸಲು ಅವುಗಳ ಕೆಳಗೆ ದಪ್ಪನೆಯ ಫೆಲ್ಟಿನ ಪ್ಯಾಡು ಹಾಕುತ್ತೇವೆ. ಹಳೆಯದೊಂದರಿಂದ ಬೆರಳಗಲದ ತುಂಡು ಕತ್ತರಿಸಿ, ಸೀಸೆಗೆ ಸುತ್ತಿ, ನೂಲಿನಿಂದ ಕಟ್ಟಿ, ಕುಣಿಕೆಯನ್ನು ಇದ್ದಲ್ಲೇ ಸಿಕ್ಕಿಸಿದೆ. ಟಿಕಿ ನಿಂತಿತು. ದೃಷ್ಟಿಯೂ ಇರಲಿ, ನಿಶ್ಶಬ್ದವೂ ಇರಲಿ. ಎಂಥ ಜಾಣ ರಿಪೇರಿ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಹಾಲಮ್ಮ ಬಂದಳು. ನಾನು ನಡುಮನೆಯಲ್ಲಿ ಪೇಪರು ಹಿಡಿದು, ಏನೂ ಗೊತ್ತಿಲ್ಲದವನ ಹಾಗೆ ಕೂತಿದ್ದೆ. ಅವಳು ಕೈಚೀಲ ಕೆಳಗಿಡಲಿಲ್ಲ. ಹೊಸ್ತಿಲಲ್ಲೇ ನಿಂತು ಕಿವಿಗೊಟ್ಟಳು. ಮುಖ ಬಿಳುಪೇರಿತು. "ಯಾಕ್ರೀ, ನಿಂತೈತಾ?" ಎಂದವಳೇ ಓಡಿ ಬಂದು ಬಾಗಿಲು ತೆಗೆದು, ಒಳಗೆ ಕೈ ಹಾಕಿ ಸೀಸೆಗಳನ್ನು ಒಂದೊಂದಾಗಿ ಮುಟ್ಟಿದಳು. ತಣ್ಣಗಿದ್ದವು. ದೀಪವೂ ಹತ್ತಿತ್ತು. ಆದರೂ ನಂಬಿಕೆ ಬರಲಿಲ್ಲ. ನಾನು ಪೇಪರಿನ ಅಂಚಿನಿಂದ ನೋಡುತ್ತಲೇ ಇದ್ದೆ. ಅವಳ ಕೈ ಮೆಲ್ಲಗೆ ಫ್ರಿಜ್ಜಿನ ಹಿಂದಿನ ಸಂದಿಗೆ ಹೋಯಿತು. ಅಲ್ಲಿ ಫೆಲ್ಟು ಬೆರಳಿಗೆ ತಾಗಿ, ಅಲ್ಲೇ ನಿಂತಿತು.

"ಇದನ್ನ ಸುತ್ತಿದ್ದು ಯಾರು?" ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ನಾನೇ" ಎಂದೆ.

"ಬಿಚ್ಚಿ ಬಿಸಾಕಲಿಲ್ವಾ?"

"ಇಲ್ಲ."

ಅವಳು ಅಲ್ಲೇ ಗೋಡೆಗೆ ಒರಗಿ ಕೂತಳು. "ಹೇಳಿದ್ರೆ ಕತ್ತರಿಸಿ ಚರಂಡಿಗೆ ಹಾಕ್ತಿದ್ರಿ. ಅದಕ್ಕೇ ಹೇಳಲಿಲ್ಲ. ನೀವು ಆ ಕ್ಯಾಲೆಂಡರಿಗೆ ಗೀಟು ಹಾಕೋದು ನೋಡಿ ಹೊಟ್ಟೆ ಉರೀತಿತ್ತು, ನಗುನೂ ಬರ್ತಿತ್ತು" ಎಂದಳು. ನಾನು ನನ್ನ ಜಾಣ ರಿಪೇರಿಯನ್ನು ವರ್ಣಿಸಿದೆ. ನೀನು ಕಟ್ಟಿದ್ದೂ ಉಳಿಯಿತು, ನನ್ನ ಕಿವಿಯೂ ಉಳಿಯಿತು ಎಂದೆ. ಅವಳು ಮೆಚ್ಚಿದ ಹಾಗೆ ಕಾಣಲಿಲ್ಲ.

"ಅದಲ್ರೀ" ಎಂದಳು. "ಆ ಸದ್ದು ಇದ್ರೆ ನನಗೆ ಒಲೆ ಮುಂದೆ ಕೂತಲ್ಲೇ ಗೊತ್ತಾಗ್ತಿತ್ತು, ಪೆಟ್ಟಿಗೆ ನಡೀತೈತೆ ಅಂತ. ನಿಮ್ಮ ಮಷೀನುಗಳ ಗದ್ದಲದಾಗೆ ಅದರ ಗುಂಯ್ ಎಲ್ಲಿ ಕೇಳ್ತೈತೆ? ಟಿಕಿ ಟಿಕಿ ಕೇಳ್ತಿತ್ತು. ಬಾಳ ಹೊತ್ತು ಕೇಳದಿದ್ರೆ ಎದ್ದು ಬಂದು ನೋಡ್ತಿದ್ದೆ. ಕರೆಂಟು ಹೋಗಿ ಒಳಗೆ ತಂಪು ಇಳಿದಿದ್ರೆ ಸೀಸೆ ತಗೊಂಡು ಗಡಿಗೇಲಿ ಇಡ್ತಿದ್ದೆ. ಬಂದ ಮ್ಯಾಲೆ ಮತ್ತೆ ಒಳಗೆ. ಹಣ್ಣು ಹೊಸದಿದ್ದಾಗ ಅದೂ ಕೇಳ್ತಿರಲಿಲ್ಲ. ಆ ಎಂಟು ದಿನ ನನಗೆ ಅಡಿಗೆ ಮೇಲೆ ಜೀವ ಇರ್ತಿರಲಿಲ್ಲ."

ಗಡಿಗೆ ಇನ್ನೂ ಇದೆಯೇ ಎಂದು ಕೇಳಿದೆ. ಬಚ್ಚಲಿನ ಮೂಲೆ ತೋರಿಸಿದಳು. ಹೋಗಿ ನೋಡಿದೆ. ಮರಳು ಒದ್ದೆಯಾಗಿತ್ತು. ಎರಡು ದಿನ ಊರಲ್ಲಿರಲಿಲ್ಲವಲ್ಲ, ಯಾರು ನೀರು ಹಾಕಿದರು ಎಂದರೆ, ತಿಪ್ಪೇಸ್ವಾಮಿಯವರ ಹೆಂಡತಿಗೆ ಹೇಳಿಹೋಗಿದ್ದಳಂತೆ. ಆ ತಾಯಿ ಹಿಂದಿನ ಬಾಗಿಲಿನಿಂದ ಎರಡು ಹೊತ್ತೂ ಬಂದು ಚಿಮುಕಿಸಿ ಹೋಗಿದ್ದಾರೆ. ಮೂರನೇ ಮಷೀನಿನ ಕಿರುಬೆರಳನ್ನು ಗೋಡೆಯಾಚೆಯಿಂದ ಕೇಳುವ ನನ್ನ ಕಿವಿಗಳಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ನಾನು ಎಂಟು ತಿಂಗಳು ಆ ಸದ್ದನ್ನು ಕೇಳಿ ಕೇಳಿ ಹೆದರಿದೆ. ಅವಳು ಅದು ನಿಲ್ಲುವುದಕ್ಕೆ ಹೆದರಿ ಕಿವಿ ನೆಟ್ಟುಕೊಂಡು ಅನ್ನ ಬೇಯಿಸಿದಳು. ಇಬ್ಬರೂ ಹೆದರಿದ್ದು ಅದೇ ನಾಲ್ಕು ಸೀಸೆಗಳಿಗಾಗಿ.

ನಾನು ಸಂದಿಗೆ ಕೈ ಹಾಕಿ, ನೂಲು ಬಿಚ್ಚಿ, ಫೆಲ್ಟನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಅವಳು ತಡೆಯಲಿಲ್ಲ. ಮೂರು ದಿನ ಬಿಟ್ಟು ಅಮಾವಾಸ್ಯೆ ಬಂತು. ಸಂತೆಯಿಂದ ನಿಂಬೆಹಣ್ಣು ತಂದದ್ದು ನಾನೇ. ಇದ್ದದ್ದರಲ್ಲಿ ತೀರಾ ಚಿಕ್ಕದು ಕೊಡಪ್ಪಾ ಎಂದು ಆರಿಸಿ ಆರಿಸಿ ತಂದೆ. ವಿಚಾರವಂತ ಎಂಬ ಬಿರುದನ್ನು ನಾನು ಇನ್ನೂ ಬಿಟ್ಟುಕೊಟ್ಟಿಲ್ಲ. ಆದರೆ ಆ ಹಣ್ಣು ಯಾಕೆ ತಂದೆ ಎಂದು ಯಾರಾದರೂ ಕೇಳಿದರೆ ಹತ್ತು ನಿಮಿಷ ಭಾಷಣ ಮಾಡುವಷ್ಟು ಉತ್ತರ ನನ್ನ ಹತ್ತಿರ ಇಲ್ಲ.

ಮುಂದಿನ ವಾರ ಒಂದು ಬೆಳಿಗ್ಗೆ ಹಜಾರದಲ್ಲಿ ಮಷೀನುಗಳೆಲ್ಲ ಒಂದು ಗಳಿಗೆ ಬಿಡುವು ತೆಗೆದುಕೊಂಡಿದ್ದವು. ತ್ಯಾವಣಿಗೆಯಿಂದ ಬಸ್ಸಿನಲ್ಲಿ ಬಂದು ಕಲಿಯುತ್ತಿದ್ದ ಪಂಚಾಯ್ತಿ ಕಚೇರಿಯ ಗುಮಾಸ್ತೆಯೊಬ್ಬರು ಹಾಳೆ ಬದಲಾಯಿಸುತ್ತಾ ತಲೆ ಎತ್ತಿದರು. "ಸಾರ್, ಒಳಗೆ ಯಾರೋ ಒಂದೇ ಬೆರಳಾಗೆ ಟೈಪ್ ಮಾಡ್ತಾ ಅದಾರಲ್ರೀ?" ಎಂದರು.

"ನಮ್ಮ ಮನೆಯವರು ಕಣಮ್ಮಾ" ಎಂದೆ. "ಒಂದೇ ಬೆರಳು. ಆದರೆ ಇದುವರೆಗೆ ಒಂದು ತಪ್ಪು ಹೊಡೆದಿಲ್ಲ."